ಯುವಜನ ಸಂಘಕ್ಕೆ ಕೈಯಿಂದ ಮಾಡಿದ ಪೆಂಡೆಂಟ್ ಉಡುಗೊರೆ: ಕ್ಲೇ ನಾದುವುದರಿಂದ ದಾರದ ಗಂಟಿನವರೆಗೆ

ಚರ್ಚಿನ ಯುವಜನ ಸಂಘದ ಸದಸ್ಯರಿಗೆ ದೃಢೀಕರಣದ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಖಚಿತಪಡಿಸುವ ವಿಧಿಯ) ದಿನ, ಶಿಬಿರದ ಕೊನೆಯ ಸಂಜೆ, ಅಥವಾ ಓದು ಮುಗಿಸಿ ದೂರ ಹೊರಟವರನ್ನು ಬೀಳ್ಕೊಡುವಾಗ, ಕೈಯಿಂದ ಮಾಡಿದ ಪೆಂಡೆಂಟ್ ಕೊಡುವುದು ಒಳ್ಳೆಯ ಆಲೋಚನೆ. ಆದರೆ ನಾನು ಕಂಡಂತೆ ಇಂಥ ಪೆಂಡೆಂಟುಗಳಲ್ಲಿ ಅನೇಕವು ಒಂದು ವಾರ ಕೊರಳಲ್ಲಿದ್ದು, ಆಮೇಲೆ ಮೇಜಿನ ಡ್ರಾಯರ್ ಸೇರುತ್ತವೆ. ಅವುಗಳ ಮೇಲಿನ ಚಿತ್ರ ಚೆನ್ನಾಗಿಲ್ಲವೆಂದು ಯಾರೂ ತೆಗೆದಿಡುವುದಿಲ್ಲ. ತೂತಿನ ಹತ್ತಿರ ಸೀಳು ಬಿಟ್ಟಿರುತ್ತದೆ, ಬಿಲ್ಲೆ ಸದಾ ಅಡ್ಡಕ್ಕೆ ತಿರುಗಿಕೊಂಡು ಅಂಚನ್ನಷ್ಟೇ ತೋರಿಸುತ್ತಿರುತ್ತದೆ, ಇಲ್ಲವೇ ದಾರ ತಲೆಯಿಂದ ಕೆಳಗೆ ಇಳಿಯುವುದೇ ಇಲ್ಲ. ಮಾಡುವವರ ಶ್ರಮವೆಲ್ಲ ಬಿಲ್ಲೆಯ ಮುಖಕ್ಕೆ ಹೋಗಿ, ಅದನ್ನು ತೂಗುಹಾಕುವ ಭಾಗಕ್ಕೆ ಕೊನೆಯ ಹತ್ತು ನಿಮಿಷ ಮಾತ್ರ ಉಳಿದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ತೂತು, ಅದರಲ್ಲಿ ಹಾಕುವ ಸಣ್ಣ ಲೋಹದ ಉಂಗುರ ಮತ್ತು ದಾರಗಳಿಗೆ ಚಿತ್ರದಷ್ಟೇ ಜಾಗ ಕೊಟ್ಟಿದ್ದೇನೆ.

ಮೊದಲು ಲೆಕ್ಕ

ಗುಂಪಿಗೆ ಕೊಡುವ ಉಡುಗೊರೆಯಲ್ಲಿ ಎಣಿಕೆ ತಪ್ಪಿದರೆ ಅದಕ್ಕಿಂತ ದೊಡ್ಡ ಮುಜುಗರ ಇನ್ನೊಂದಿಲ್ಲ. ಸಂಘದ ಹಾಜರಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅಪರೂಪಕ್ಕೆ ಬರುವವರನ್ನೂ ಸೇರಿಸಿ ಎಣಿಸಿ, ಅದಕ್ಕೆ ಐದನ್ನು ಕೂಡಿಸಿಕೊಳ್ಳಿ. ಇಪ್ಪತ್ತೈದು ಮಂದಿಗೆ ಮೂವತ್ತು ಬಿಲ್ಲೆ. ಬೇಯಿಸುವಾಗ ಒಂದೆರಡು ಕೆಡುತ್ತವೆ, ಕೊಡುವ ದಿನ ಹೊಸದಾಗಿ ಸೇರಿದ ಒಬ್ಬಿಬ್ಬರು ಬಂದಿರುತ್ತಾರೆ.

30 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಪಾಲಿಮರ್ ಕ್ಲೇ (ಓವನ್‌ನಲ್ಲಿ ಬೇಯಿಸಿ ಗಟ್ಟಿಮಾಡುವ ಕ್ಲೇ) ಬಿಲ್ಲೆಯೊಂದು ಸುಮಾರು 5 ಗ್ರಾಂ ತೂಗುತ್ತದೆ. ಮೂವತ್ತಕ್ಕೆ 150 ಗ್ರಾಂ ಆಯಿತು. ಪ್ರಯೋಗಕ್ಕೆ, ಪೋಲಿಗೆ ಸ್ವಲ್ಪ ಸೇರಿಸಿದರೆ 57 ಗ್ರಾಮಿನ ಮೂರು ಪೊಟ್ಟಣಗಳು ಸಾಕು. ಒಬ್ಬೊಬ್ಬರಿಗೆ 90 ಸೆಂ.ಮೀ. ದಾರದಂತೆ ಮೂವತ್ತಕ್ಕೆ 27 ಮೀಟರ್ ಬೇಕಾಗುತ್ತದೆ. ಉಂಗುರಗಳನ್ನು ಮಾತ್ರ ನಲವತ್ತು ತರಿಸಿ, ಏಕೆಂದರೆ ಅವು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಸಿಗುವುದು ಕಷ್ಟ.

ಪಟ್ಟಿ ಕೈಯಲ್ಲಿರುವಾಗಲೇ ಇನ್ನೊಂದು ವಿಷಯವನ್ನು ವಿಚಾರಿಸಿಕೊಳ್ಳಬೇಕು. ಕೆಲವು ಸಭೆಗಳಲ್ಲಿ, ಕೆಲವು ಕುಟುಂಬಗಳಲ್ಲಿ, ನಂಬಿಕೆಯ ಕಾರಣದಿಂದಲೇ ಕೊರಳಿಗೆ ಏನನ್ನೂ ಧರಿಸುವುದಿಲ್ಲ. ಅಂಥವರಿಗೆ ಅದೇ ಬಿಲ್ಲೆಯನ್ನು ಕೀಲಿಗೊಂಚಲಿನ ಬಳೆಗೆ ಹಾಕಿಕೊಡಬಹುದು. ಒಂದೇ ಅಚ್ಚಿನಿಂದ ಮಾಡಿದ್ದಾದ್ದರಿಂದ ಯಾರೂ ಬೇರೆಯವರಾಗಿ ಕಾಣುವುದಿಲ್ಲ. ಯೇಸುವಿನ ದೇಹವಿರುವ ಶಿಲುಬೆಯೋ ಬರಿಯ ಶಿಲುಬೆಯೋ ಎಂಬ ವಿಷಯದಲ್ಲೂ ಪಂಗಡಗಳ ರೂಢಿ ಬೇರೆಬೇರೆ. ಅಚ್ಚು ಕೆತ್ತುವ ಮೊದಲು ಸಭಾಪಾಲಕರನ್ನೋ ಗುರುಗಳನ್ನೋ ಒಂದು ಮಾತು ಕೇಳಿಕೊಂಡರೆ ಮುಂದೆ ಕಿರಿಕಿರಿ ಇರುವುದಿಲ್ಲ.

ಯಾವ ಗುರುತು?

ಶಿಲುಬೆ ಎಲ್ಲರಿಗೂ ಮೊದಲು ನೆನಪಾಗುವ ಗುರುತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯುವಜನರ ಬಳಿ ಈಗಾಗಲೇ ಒಂದು ಶಿಲುಬೆ ಇರುವ ಸಾಧ್ಯತೆ ಹೆಚ್ಚು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಕ್ಲೆಮೆಂಟ್, ಕ್ರೈಸ್ತರು ತಮ್ಮ ಮುದ್ರೆಯುಂಗುರಗಳ ಮೇಲೆ ಯಾವ ಗುರುತುಗಳನ್ನು ಕೆತ್ತಿಸಿಕೊಳ್ಳಬಹುದೆಂದು ಬರೆಯುತ್ತಾ ಪಾರಿವಾಳ, ಮೀನು, ಹಾಯಿಹಡಗು, ತಂತಿವಾದ್ಯ ಮತ್ತು ಲಂಗರುಗಳನ್ನು ಹೆಸರಿಸಿದ. ಬೆರಳುಗುರಿನಷ್ಟು ಜಾಗದಲ್ಲಿ ಸ್ಪಷ್ಟವಾಗಿ ಮೂಡಬೇಕಾದ ಗುರುತುಗಳ ಪಟ್ಟಿ ಅದು. ಹದಿನೆಂಟು ಶತಮಾನಗಳು ಕಳೆದರೂ ಸಣ್ಣ ಬಿಲ್ಲೆಗೆ ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ನಾನು ಕಂಡಿಲ್ಲ.

ಮೀನು ಎರಡು ಬಾಗಿದ ಗೆರೆಗಳಲ್ಲಿ ಮುಗಿಯುತ್ತದೆ, ಆದ್ದರಿಂದ ಮೊದಲ ಸಲ ಮಾಡುವವರಿಗೆ ಅದೇ ಸುಲಭ. ಗ್ರೀಕಿನಲ್ಲಿ ಮೀನಿಗೆ 'ಇಖ್ತುಸ್' ಎನ್ನುತ್ತಾರೆ. ಆ ಪದದ ಐದು ಅಕ್ಷರಗಳು ಯೇಸು, ಕ್ರಿಸ್ತ, ದೇವರ, ಮಗ, ರಕ್ಷಕ ಎಂಬ ಐದು ಗ್ರೀಕ್ ಪದಗಳ ಮೊದಲಕ್ಷರಗಳು. ಲಂಗರು ನಿರೀಕ್ಷೆಯ ಗುರುತು (ಇಬ್ರಿಯರಿಗೆ 6:19), ರೋಮಿನ ನೆಲಮಾಳಿಗೆಯ ಸಮಾಧಿಗಳ ಗೋಡೆಗಳ ಮೇಲೂ ಅದು ಕಾಣಸಿಗುತ್ತದೆ. ಊರು ಬಿಟ್ಟು ಹೊರಟವರಿಗೆ ಲಂಗರು ಚೆನ್ನಾಗಿ ಹೊಂದುತ್ತದೆ. ದೃಢೀಕರಣಕ್ಕೆ ಪವಿತ್ರಾತ್ಮನ ಗುರುತಾದ ಪಾರಿವಾಳ, ಇಡೀ ಗುಂಪು ಒಂದಾಗಿ ಪಡೆಯುವ ಉಡುಗೊರೆಗೆ ದ್ರಾಕ್ಷಿಬಳ್ಳಿ ಮತ್ತು ಕೊಂಬೆ (ಯೋಹಾನ 15:5), ಶಿಬಿರಕ್ಕೆ ದೀಪ (ಕೀರ್ತನೆ 119:105) ಒಪ್ಪುತ್ತವೆ. ಯಾವುದನ್ನೇ ಆರಿಸಿ, 30 ಮಿ.ಮೀ. ವೃತ್ತದೊಳಗೆ ಪೆನ್ಸಿಲಿನಿಂದ ಬರೆದು ಎರಡು ಮೀಟರ್ ದೂರದಿಂದ ನೋಡಿ. ಏನೆಂದು ತಿಳಿಯದಿದ್ದರೆ ಗೆರೆಗಳನ್ನು ಕಡಿಮೆ ಮಾಡಿ. ವಚನವನ್ನು ಇಡಿಯಾಗಿ ಬಿಲ್ಲೆಯ ಮೇಲೆ ಬರೆಯುವ ಆಸೆಯನ್ನು ಬಿಟ್ಟುಬಿಡಿ, ಅದಕ್ಕೆ ಜೊತೆಯ ಕಾರ್ಡು ಇದೆ.

ಯಾವ ವಸ್ತು?

ಮನೆಯಲ್ಲೇ ಗಾಳಿಗೆ ಒಣಗುವ ಕ್ಲೇ ಸುಲಭವಾಗಿ ಸಿಗುತ್ತದೆ, ಓವನ್ ಬೇಡ. ಆದರೆ ಅದು ಒಣಗುವಾಗ ಕುಗ್ಗುತ್ತದೆ, ತೆಳುವಾದ ಕಡೆ ಬಿರಿಯುತ್ತದೆ, ಬೆವರು ಮತ್ತು ನೀರಿಗೆ ಮೆತ್ತಗಾಗುತ್ತದೆ. ದಿನವೂ ಧರಿಸುವ ವಸ್ತುವಿಗೆ ನಾನು ಅದನ್ನು ಬಳಸುವುದಿಲ್ಲ. ಒಣಕೊಂಬೆಯನ್ನು 5–6 ಮಿ.ಮೀ. ದಪ್ಪಕ್ಕೆ ಅಡ್ಡಕೊಯ್ದ ಮರದ ಬಿಲ್ಲೆಗಳು ಚೆಂದ. ಅವುಗಳ ಮೇಲೆ ಬಿಸಿ ಕಡ್ಡಿಯಿಂದ ಸುಟ್ಟು ಚಿತ್ರ ಬರೆಯಬಹುದು, ಆದರೆ ಹಸಿ ಕೊಂಬೆಯನ್ನು ಕೊಯ್ದರೆ ಒಣಗುವಾಗ ನಡುವಿನಿಂದ ಅಂಚಿನವರೆಗೆ ಸೀಳುತ್ತವೆ. ಲೋಹದ ಬಿಲ್ಲೆಗೆ ಅಕ್ಷರಗಳ ಉಕ್ಕಿನ ಅಚ್ಚು, ಸುತ್ತಿಗೆ ಮತ್ತು ಒಂದಿಷ್ಟು ಕೈಪಳಗು ಬೇಕು.

ಗುಂಪಿನ ಕೆಲಸಕ್ಕೆ ನನ್ನ ಆಯ್ಕೆ ಪಾಲಿಮರ್ ಕ್ಲೇ. ಹೆಸರಿನಲ್ಲಿ ಕ್ಲೇ ಇದ್ದರೂ ಇದು ಮಣ್ಣಲ್ಲ. ಪಿವಿಸಿ ಪುಡಿಗೆ ಅದನ್ನು ಮೆದುವಾಗಿಡುವ ದ್ರವವನ್ನು ಸೇರಿಸಿ ಮಾಡಿದ ವಸ್ತು. ಬೇಯಿಸುವವರೆಗೂ ಗಟ್ಟಿಯಾಗುವುದಿಲ್ಲವಾದ್ದರಿಂದ ಅವಸರವಿಲ್ಲದೆ ಕೆಲಸ ಮಾಡಬಹುದು, ಬೆಂದ ಮೇಲೆ ನೀರಿಗೆ ಹೆದರುವುದಿಲ್ಲ, ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಬಳಸಿದ ಲಟ್ಟಣಿಗೆ, ಚಾಕು, ತಟ್ಟೆಗಳನ್ನು ಮತ್ತೆ ಅಡುಗೆಗೆ ಬಳಸಬಾರದು. ಹಸಿ ಕ್ಲೇಯನ್ನು ಪಾಲಿಶ್ ಮಾಡಿದ ಮೇಜಿನ ಮೇಲೆ ಬಿಟ್ಟರೆ ಅದರಲ್ಲಿರುವ ದ್ರವ ಪಾಲಿಶನ್ನು ಕೆಡಿಸುತ್ತದೆ, ಆದ್ದರಿಂದ ನಯವಾದ ಸೆರಾಮಿಕ್ ಟೈಲಿನ ಮೇಲೆ ಕೆಲಸ ಮಾಡುವುದು ಉತ್ತಮ.

ಅಚ್ಚು ಕೆತ್ತುವುದು

ಮೂವತ್ತು ಬಿಲ್ಲೆಗಳ ಮೇಲೂ ಒಂದೊಂದಾಗಿ ಚಿತ್ರ ಬರೆಯುವುದಕ್ಕಿಂತ ದೊಡ್ಡದೊಂದು ರಬ್ಬರಿನ ಮೇಲೆ, ಪೆನ್ಸಿಲ್ ಅಳಿಸುವ ರಬ್ಬರೇ ಆದರೂ ಸರಿ, ಅಚ್ಚು ಕೆತ್ತಿಕೊಳ್ಳುವುದು ಮೇಲು. ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಚಿತ್ರ ಬರೆದು, ಅದನ್ನು ರಬ್ಬರಿನ ಮೇಲೆ ಮಗುಚಿ ಬೆರಳುಗುರಿನಿಂದ ಉಜ್ಜಿದರೆ ಚಿತ್ರ ತಾನಾಗಿಯೇ ಎಡಬಲ ತಿರುಗಿ ಇಳಿಯುತ್ತದೆ. ನೀವು ಕೆತ್ತಿ ತೆಗೆದ ಭಾಗ ಬಿಲ್ಲೆಯಲ್ಲಿ ಉಬ್ಬುತ್ತದೆ, ಬಿಟ್ಟ ಭಾಗ ಒಳಗೆ ಇಳಿಯುತ್ತದೆ. ಗೆರೆ ಕನಿಷ್ಠ 1 ಮಿ.ಮೀ. ಅಗಲವಿರಲಿ.

ಎಡಬಲದ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋದೆ. ಶಿಲುಬೆಯ ಎಡಬದಿಗೆ ಗ್ರೀಕ್ ವರ್ಣಮಾಲೆಯ ಮೊದಲಕ್ಷರ ಆಲ್ಫಾ, ಬಲಬದಿಗೆ ಕೊನೆಯಕ್ಷರ ಒಮೇಗಾ ಇಟ್ಟು, ಕಾಗದ ಮಗುಚದೆ ನೇರವಾಗಿ ರಬ್ಬರಿನ ಮೇಲೆಯೇ ಬರೆದು ಕೆತ್ತಿದ್ದೆ. ಆ ಎರಡು ದೊಡ್ಡಕ್ಷರಗಳೂ ಕನ್ನಡಿಯಲ್ಲಿ ನೋಡಿದರೂ ಹಾಗೆಯೇ ಕಾಣುವಂಥವು, ಹಾಗಾಗಿ ಒತ್ತಿ ನೋಡಿದಾಗ ಅಕ್ಷರಗಳಲ್ಲಿ ಏನೂ ತಪ್ಪು ಕಾಣಲಿಲ್ಲ. ಹನ್ನೆರಡು ಬಿಲ್ಲೆಗಳು ಬೆಂದು ಬಂದ ಮೇಲೆ ಸಭೆಯ ಹಿರಿಯರೊಬ್ಬರು ಒಂದನ್ನು ಕೈಗೆತ್ತಿಕೊಂಡು, "ಅಂತ್ಯವೇ ಮೊದಲು ಬಂದುಬಿಟ್ಟಿದೆಯಲ್ಲ" ಎಂದು ನಕ್ಕರು. ಒಮೇಗಾ ಎಡಕ್ಕೆ, ಆಲ್ಫಾ ಬಲಕ್ಕೆ ಕುಳಿತಿದ್ದವು. ಅಂದಿನಿಂದ ಯಾವ ಅಚ್ಚನ್ನೇ ಕೆತ್ತಿದರೂ ಮೊದಲು ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿ, ಇನ್ನೊಬ್ಬರಿಗೆ ತೋರಿಸಿಯೇ ಮುಂದುವರಿಯುತ್ತೇನೆ.

ನಾದುವುದು, ಲಟ್ಟಿಸುವುದು, ಕತ್ತರಿಸುವುದು

ಪೊಟ್ಟಣದಿಂದ ತೆಗೆದ ಕ್ಲೇಯನ್ನು ಚಪಾತಿ ಹಿಟ್ಟಿನಂತೆ ಅಂಗೈಯ ಬಿಸಿಯಲ್ಲಿ ಐದಾರು ನಿಮಿಷ ನಾದಬೇಕು. ಹಾಳೆಯಂತೆ ಒತ್ತಿ ಮಡಚಿದಾಗ ಮಡಿಕೆಯಲ್ಲಿ ಬಿರುಕು ಬಿಡದಿದ್ದರೆ ಹದಕ್ಕೆ ಬಂದಿದೆ ಎಂದರ್ಥ. ನಾದದೆ ಬಳಸಿದ ಕ್ಲೇ ಬೆಂದ ಮೇಲೆ ಪೆಡಸಾಗಿ ಮುರಿಯುತ್ತದೆ. ತಿಳಿ ಬಣ್ಣದ ಕ್ಲೇಗೆ ಧೂಳು, ಬಟ್ಟೆಯ ನೂಲು ಬೇಗ ಅಂಟುತ್ತವೆ. ಬಿಳಿಯನ್ನು ಮೊದಲು ಮುಗಿಸಿ ಆಮೇಲೆ ಕಡುಬಣ್ಣಕ್ಕೆ ಕೈಹಾಕಿ.

ದಪ್ಪ ಎಲ್ಲೆಡೆ ಒಂದೇ ಸಮ ಬರಬೇಕಾದರೆ ಕ್ಲೇಯ ಎರಡು ಬದಿಗೂ ಒಂದರ ಮೇಲೊಂದು ಎರಡೆರಡು ಐಸ್‌ಕ್ರೀಮ್ ಕಡ್ಡಿಗಳನ್ನು ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಉರುಳಿಸಿ. ಸಾಮಾನ್ಯ ಕಡ್ಡಿಯ ದಪ್ಪ ಸುಮಾರು 2 ಮಿ.ಮೀ., ಎರಡು ಸೇರಿದರೆ ನಮಗೆ ಬೇಕಾದ ನಾಲ್ಕು. ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ಉರುಳಿಸಿ, ಇಲ್ಲದಿದ್ದರೆ ಓವನ್‌ನಲ್ಲಿ ಅದು ಉಬ್ಬಿ ಚಿತ್ರವನ್ನು ಎತ್ತಿಬಿಡುತ್ತದೆ. ಈ ಹಾಳೆಯನ್ನು ಟೈಲಿನ ಮೇಲೆ ಹಾಸಿದ ಸಾದಾ ಬಿಳಿ ಕಾಗದಕ್ಕೆ ವರ್ಗಾಯಿಸಿ. ಕಾಗದವಿಲ್ಲದೆ ನೇರ ಟೈಲಿನ ಮೇಲೆ ಬೇಯಿಸಿದರೆ ಬಿಲ್ಲೆಯ ಹಿಂಬದಿಯಲ್ಲಿ ಅಲ್ಲಲ್ಲಿ ಹೊಳಪಿನ ಕಲೆ ಉಳಿಯುತ್ತದೆ.

ಅಚ್ಚಿಗೆ ತೆಳುವಾಗಿ ಕಾರ್ನ್‌ಫ್ಲೋರ್ ಉದುರಿಸಿ, ತಟ್ಟಿ ಹೆಚ್ಚಿನದನ್ನು ಕೆಡವಿ, ನೇರವಾಗಿ ಕೆಳಗೆ ಒತ್ತಿ ನೇರವಾಗಿಯೇ ಮೇಲೆತ್ತಿ. ಮೊದಲು ಒತ್ತಿ ಆಮೇಲೆ ಕತ್ತರಿಸಬೇಕು. ಕತ್ತರಿಸಿದ ಬಿಲ್ಲೆಯ ಮೇಲೆ ಒತ್ತಿದರೆ ದುಂಡು ಹೋಗಿ ಮೊಟ್ಟೆಯಾಕಾರವಾಗುತ್ತದೆ. 30 ಮಿ.ಮೀ. ಅಚ್ಚುಕಟ್ಟಾದ ದುಂಡು ಕಟರ್ ಇದ್ದರೆ ಸರಿ, ಇಲ್ಲದಿದ್ದರೆ ಅಷ್ಟೇ ಅಗಲದ, ಅಂಚು ತೆಳುವಾದ ಲೋಹದ ಮುಚ್ಚಳವೂ ಸಾಕು. ಕತ್ತರಿಸುವ ಮುನ್ನ ಕ್ಲೇಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿದರೆ ಅಂಚು ಚೂಪಾಗಿ ನಿಲ್ಲದೆ ತಾನಾಗಿ ದುಂಡಗಾಗುತ್ತದೆ. ಬಿಲ್ಲೆಯನ್ನು ಎತ್ತಲು ಹೋಗಬೇಡಿ, ಸುತ್ತಲಿನ ಹೆಚ್ಚುವರಿ ಕ್ಲೇಯನ್ನು ಬಿಡಿಸಿ ತೆಗೆಯಿರಿ. ಬಿಲ್ಲೆ ಕದಲದೆ ಕಾಗದದ ಮೇಲೆಯೇ ಉಳಿಯಲಿ.

ತೂತು

ತೂತಿನ ಅಂಚಿಗೂ ಬಿಲ್ಲೆಯ ಅಂಚಿಗೂ ನಡುವೆ 3 ಮಿ.ಮೀ. ಕ್ಲೇ ಉಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ದಾರ ಎಲ್ಲಾದರೂ ಸಿಕ್ಕಿ ಎಳೆದಾಗ ಸೀಳುತ್ತದೆ. ಹೆಚ್ಚಾದರೆ ಉಂಗುರ ಸುತ್ತಿ ಬರಲಾರದು. ತೂತಿನ ಅಗಲ 2 ಮಿ.ಮೀ. ಇರಲಿ. ಬಿಲ್ಲೆ ತೂಗುವಾಗ ಚಿತ್ರ ವಾಲಬಾರದೆಂದರೆ ತೂತು ಚಿತ್ರದ ನಡುಗೆರೆಯ ಮೇಲೆಯೇ ಬರಬೇಕು. ಒಂದು ದಪ್ಪ ಕಾಗದವನ್ನು ಅದೇ ಅಳತೆಗೆ ದುಂಡಗೆ ಕತ್ತರಿಸಿ, ಅದರಲ್ಲಿ ಒಂದು ಚುಕ್ಕಿಯಷ್ಟು ಕಿಂಡಿ ಮಾಡಿ, ಪ್ರತಿ ಬಿಲ್ಲೆಯ ಮೇಲೂ ಅದನ್ನೇ ಇಟ್ಟು ಗುರುತು ಹಾಕಿದರೆ ಮೂವತ್ತೂ ಒಂದೇ ರೀತಿ ಬರುತ್ತವೆ.

ಹೆಣಿಗೆ ಸೂಜಿಯನ್ನು ಮುಂಬದಿಯಿಂದ ಒಂದೇ ಏಟಿಗೆ ಚುಚ್ಚಿದರೆ ಹಿಂಬದಿಯಲ್ಲಿ ಕ್ಲೇ ಚಿಕ್ಕ ಗುಡ್ಡೆಯಾಗಿ ಹೊರಬೀಳುತ್ತದೆ. ಆದ್ದರಿಂದ ಮುಂದಿನಿಂದ ನಿಧಾನವಾಗಿ ತಿರುಗಿಸುತ್ತಾ ಚುಚ್ಚಿ, ಸೂಜಿಯ ತುದಿ ಕಾಗದಕ್ಕೆ ತಾಗಿದ್ದು ಕೈಗೆ ತಿಳಿದ ಕೂಡಲೇ ನಿಲ್ಲಿಸಿ. ಬಿಲ್ಲೆಯನ್ನು ಕಾಗದ ಸಮೇತ ಮಗುಚಿ, ಕಾಗದ ಸುಲಿದು, ಹಿಂದಿನಿಂದ ತೂತನ್ನು ಪೂರ್ತಿಗೊಳಿಸಿ. ಹಿಂಬದಿಯಲ್ಲಿ ಹೆಸರನ್ನೋ ಇಸವಿಯನ್ನೋ ಬರೆಯುವುದಿದ್ದರೆ ಇದೇ ಸಮಯ. ದಾರದ ಸೂಜಿಯ ಮೊಂಡುತುದಿಯಿಂದ ಕನ್ನಡ ಅಕ್ಷರಗಳನ್ನು ಬರೆಯಬಹುದು, ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಟ್ಟುಕೊಳ್ಳಿ. ಹೆಸರಿನ ಕಾಗುಣಿತವನ್ನು ಆಯಾ ಸದಸ್ಯರೇ ಬರೆದಂತೆ ಪಡೆಯಿರಿ. ಹೆಸರು ಹಿಡಿದು ಕರೆದಿದ್ದೇನೆ ಎಂಬ ಯೆಶಾಯನ ವಚನವನ್ನು (43:1) ಕಾರ್ಡಿನಲ್ಲಿ ಹಾಕಿ, ಬಿಲ್ಲೆಯ ಮೇಲೆ ಹೆಸರನ್ನೇ ತಪ್ಪಾಗಿ ಬರೆದರೆ ಏನು ಚೆನ್ನ? ಹೆಚ್ಚುವರಿ ಐದರ ಹಿಂಬದಿ ಖಾಲಿಯಾಗಿಯೇ ಇರಲಿ.

ಮರೆತು ತೂತಿಲ್ಲದೆ ಬೇಯಿಸಿಬಿಟ್ಟರೂ ಕೆಟ್ಟಿಲ್ಲ, ಬೆಂದ ಪಾಲಿಮರ್ ಕ್ಲೇಯನ್ನು 2 ಮಿ.ಮೀ. ಡ್ರಿಲ್ ಬಿಟ್‌ನಿಂದ ಕೈಯಲ್ಲೇ ಕೊರೆಯಬಹುದು.

ಬೇಯಿಸುವುದು

ಉಷ್ಣಾಂಶವೂ ಸಮಯವೂ ಪೊಟ್ಟಣದ ಮೇಲೆ ಬರೆದಿರುತ್ತವೆ. ತಯಾರಕರನ್ನು ಅನುಸರಿಸಿ ಅದು ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ, 4 ಮಿ.ಮೀ. ಬಿಲ್ಲೆಗೆ ಅರ್ಧ ಗಂಟೆ ಹಿಡಿಯಬಹುದು. ತೊಂದರೆ ಇರುವುದು ಓವನ್ನಿನ ಗುಂಡಿಯಲ್ಲಿ. ನಾನು ಮೊದಲ ಸಲ ಮಾಡಿದ ಪೆಂಡೆಂಟುಗಳಲ್ಲಿ ನಾಲ್ಕು, ಕೊಟ್ಟ ವಾರದೊಳಗೇ ತೂತಿನ ಬಳಿ ಬಿಸ್ಕತ್ತಿನಂತೆ ಮುರಿದವು. ಪೊಟ್ಟಣ ಕೇಳಿದಂತೆ ಗುಂಡಿ 130 ಎನ್ನುತ್ತಿತ್ತು. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 112. ನೋಡಲು ಪೂರ್ತಿ ಬೆಂದಂತೆಯೇ ಇದ್ದವು, ಮುಟ್ಟಲು ಗಟ್ಟಿಯಾಗಿಯೂ ಇದ್ದವು. ಓವನ್ ಒಳಗಿಡುವ ಪ್ರತ್ಯೇಕ ಥರ್ಮಾಮೀಟರ್ ಈ ಕೆಲಸದಲ್ಲಿ ಕ್ಲೇಯಷ್ಟೇ ಅಗತ್ಯವಾದದ್ದು.

ಓವನ್ ಕಾದು ಉಷ್ಣಾಂಶ ನಿಂತ ಮೇಲೆ ಟೈಲನ್ನು ಒಳಗಿಟ್ಟು ಸಮಯ ಎಣಿಸಿ. ಬಿಳಿ, ಕೆನೆಬಣ್ಣದ ಬಿಲ್ಲೆಗಳ ಮೇಲೆ ತಾಗದಂತೆ ಅಲ್ಯೂಮಿನಿಯಂ ಹಾಳೆಯನ್ನು ಗುಡಾರದಂತೆ ಮುಚ್ಚಿದರೆ ಕಂದು ತಿರುಗುವುದಿಲ್ಲ. ಕಿಟಕಿ ತೆರೆದಿರಲಿ. ಹೇಳಿದ ಉಷ್ಣಾಂಶವನ್ನು ತುಂಬ ಮೀರಿದರೆ ಕ್ಲೇ ಕರಟಿ ಕಣ್ಣು ಮೂಗು ಉರಿಸುವ ಹೊಗೆ ಬಿಡುತ್ತದೆ. ಹಾಗಾದರೆ ಓವನ್ ಆರಿಸಿ, ಎಲ್ಲರೂ ಹೊರಗೆ ಹೋಗಿ, ಕೋಣೆಗೆ ಗಾಳಿ ಆಡಿದ ಮೇಲೆ ಬನ್ನಿ. ಮೈಕ್ರೋವೇವ್ ಇದಕ್ಕೆ ಸಲ್ಲದು. ಅದೇ ಕ್ಲೇಯನ್ನು ಲಟ್ಟಿಸಿ ಮಾಡಿದ 2 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನೂ ಜೊತೆಗೆ ಬೇಯಿಸಿ, ಪೂರ್ತಿ ಆರಿದ ಮೇಲೆ ಬಗ್ಗಿಸಿ ನೋಡಿ. ಸ್ವಲ್ಪ ಬಾಗಿ ಮತ್ತೆ ನೆಟ್ಟಗಾದರೆ ಬೆಂದಿದೆ, ಟಕ್ಕೆಂದು ಮುರಿದರೆ ಬಿಲ್ಲೆಗಳನ್ನು ಸರಿಯಾದ ಉಷ್ಣಾಂಶದಲ್ಲಿ ಇನ್ನೊಮ್ಮೆ ಬೇಯಿಸಿ. ಎರಡನೆಯ ಸಲ ಬೇಯಿಸುವುದರಿಂದ ಯಾವ ಹಾನಿಯೂ ಇಲ್ಲ.

ಉಜ್ಜುವುದು ಮತ್ತು ಬಣ್ಣ

400, 600, 1000 ನಂಬರಿನ ಸ್ಯಾಂಡ್‌ಪೇಪರುಗಳನ್ನು ಈ ಕ್ರಮದಲ್ಲೇ, ನೀರಿನಲ್ಲಿ ಅದ್ದಿ, ಅಂಚು ಮತ್ತು ಹಿಂಬದಿಯನ್ನು ಉಜ್ಜಿ. ಒಣಗಿಸಿ ಉಜ್ಜಿದರೆ ಏಳುವ ಪುಡಿ ಉಸಿರಿಗೆ ಒಳ್ಳೆಯದಲ್ಲ. ಆಮೇಲೆ ಕಡುಕಂದು ಅಕ್ರಿಲಿಕ್ ಬಣ್ಣವನ್ನು ಚಿತ್ರದ ತಗ್ಗುಗಳಿಗೆ ಬೆರಳಿನಿಂದ ತೀಡಿ, ಅರ್ಧ ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಮಾತ್ರ ಒರೆಸಿ. ತಗ್ಗಿನಲ್ಲಿ ಬಣ್ಣ ಉಳಿದು, ಅಲ್ಲಿಯವರೆಗೆ ಇದೆಯೋ ಇಲ್ಲವೋ ಎನ್ನುವಂತಿದ್ದ ಮೀನು ಎದ್ದು ಕಾಣುತ್ತದೆ. ಹೊಳಪು ಬೇಕೆಂದರೆ ನೀರು ಆಧಾರಿತ ವಾರ್ನಿಶ್ ಮಾತ್ರ ಬಳಸಿ. ಉಗುರುಬಣ್ಣ ಹಚ್ಚಿದರೆ ಅದರ ದ್ರಾವಕ ಕ್ಲೇಯೊಡನೆ ಸೇರಿ ತಿಂಗಳಾದರೂ ಅಂಟಂಟಾಗಿಯೇ ಉಳಿಯಬಹುದು.

ಉಂಗುರ: ಒಂದೇ, ಎರಡಲ್ಲ

ಬಿಲ್ಲೆ ಯಾಕೆ ಅಡ್ಡ ತಿರುಗುತ್ತದೆ ಎಂಬುದನ್ನು ಒಮ್ಮೆ ಅರ್ಥಮಾಡಿಕೊಂಡರೆ ಮತ್ತೆ ತಪ್ಪುವುದಿಲ್ಲ. ನಮ್ಮ ತೂತು ಮುಂದಿನಿಂದ ಹಿಂದಕ್ಕೆ ಹೋಗುತ್ತದೆ, ಆದರೆ ದಾರ ಎದೆಯ ಮೇಲೆ ಎಡದಿಂದ ಬಲಕ್ಕೆ ಹೋಗುತ್ತದೆ. ದಾರವನ್ನು ನೇರವಾಗಿ ತೂತಿನಲ್ಲಿ ಪೋಣಿಸಿದರೆ ದಾರದ ದಿಕ್ಕಿಗೆ ತೂತು ಹೊಂದಿಕೊಳ್ಳಲು ಬಿಲ್ಲೆಯೇ ಕಾಲು ಸುತ್ತು ತಿರುಗಬೇಕಾಗುತ್ತದೆ. ತೂತಿನಲ್ಲಿ ಒಂದು ಉಂಗುರ ಹಾಕಿದರೆ ಆ ಕಾಲು ಸುತ್ತನ್ನು ಉಂಗುರವೇ ತೆಗೆದುಕೊಂಡು, ಬಿಲ್ಲೆ ಎದುರಿಗೆ ಮುಖಮಾಡಿ ನಿಲ್ಲುತ್ತದೆ. ಚೆಂದಕ್ಕೆಂದು ಎರಡನೆಯ ಉಂಗುರ ಸೇರಿಸಿದಿರೋ, ಮತ್ತೆ ಕಾಲು ಸುತ್ತು, ಬಿಲ್ಲೆ ಮತ್ತೆ ಅಡ್ಡ. ಹಾಗಾಗಿ ಒಂದು ಇಲ್ಲವೇ ಮೂರು.

4 ಮಿ.ಮೀ. ದಪ್ಪ ಮತ್ತು 3 ಮಿ.ಮೀ. ಅಂಚನ್ನು ಸುತ್ತಿ, ದಾರಕ್ಕೂ ಜಾಗ ಉಳಿಯಬೇಕಾದರೆ 1 ಮಿ.ಮೀ. ತಂತಿಯಿಂದ ಮಾಡಿದ, ಹೊರ ಅಗಲ 8 ಮಿ.ಮೀ. ಇರುವ ಉಂಗುರ ಬೇಕು. 6 ಮಿ.ಮೀ.ನದು ಮುಚ್ಚುವುದೇ ಇಲ್ಲ. ಎರಡು ಇಕ್ಕಳಗಳಿಂದ ಉಂಗುರದ ಬಾಯಿಯ ಎರಡು ಬದಿಯನ್ನು ಹಿಡಿದು, ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆ ಕಡೆಗೆ ತಿರುಚಿ ತೆರೆಯಿರಿ. ಎಡಬಲಕ್ಕೆ ಹಿಗ್ಗಿಸಿ ತೆರೆದರೆ ಉಂಗುರ ಮತ್ತೆ ದುಂಡಗಾಗುವುದಿಲ್ಲ. ಮುಚ್ಚುವಾಗ ತುದಿಗಳನ್ನು ಒಂದನ್ನೊಂದು ಕೊಂಚ ದಾಟಿಸಿ ಹಿಂದಕ್ಕೆ ತಂದರೆ ಸಣ್ಣ ಸದ್ದಿನೊಂದಿಗೆ ಕೂಡಿಕೊಳ್ಳುತ್ತವೆ. ಬೆರಳುಗುರನ್ನು ಬಾಯಿಯ ಮೇಲೆ ಆಡಿಸಿ, ತಡೆದರೆ ಇನ್ನೂ ಮುಚ್ಚಿಲ್ಲ.

ಕೆಲವರ ಚರ್ಮಕ್ಕೆ ನಿಕ್ಕಲ್ ಆಗಿಬರುವುದಿಲ್ಲ, ತಾಗಿದಲ್ಲಿ ತುರಿಕೆ, ಕೆಂಪು ಗಂಧೆ ಏಳುತ್ತದೆ. ಉಂಗುರ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿದ್ದರೆ ಆ ಭಯ ಬಹಳ ಕಡಿಮೆ. ಲೋಹವೇ ಬೇಡವೆಂದರೆ ತೂತನ್ನು 4 ಮಿ.ಮೀ. ಮಾಡಿ, ದಾರದ ನಡುವನ್ನು ಮಡಚಿ ತೂತಿನಲ್ಲಿ ತೂರಿಸಿ, ಆ ಮಡಿಕೆಯೊಳಗಿಂದ ಎರಡೂ ತುದಿಗಳನ್ನು ಎಳೆದುಬಿಡಿ; ಆಗಲೂ ಬಿಲ್ಲೆ ಎದುರಿಗೇ ಮುಖಮಾಡುತ್ತದೆ.

ದಾರ ಮತ್ತು ಜಾರುವ ಗಂಟು

1.5 ಮಿ.ಮೀ. ದಪ್ಪದ, ಮೇಣ ಹಚ್ಚಿದ ಹತ್ತಿ ದಾರ ಹುಡುಗರಿಗೂ ಹುಡುಗಿಯರಿಗೂ ಒಪ್ಪುತ್ತದೆ. ಕೊಕ್ಕೆಯ ಬದಲು ಜಾರುವ ಗಂಟು ಹಾಕಿದರೆ ಪ್ರತಿಯೊಬ್ಬರೂ ಉದ್ದವನ್ನು ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು, ಮೂವತ್ತು ಮಂದಿಯ ಕೊರಳಿನ ಅಳತೆ ಹಿಡಿಯಬೇಕಾಗಿಲ್ಲ. 90 ಸೆಂ.ಮೀ. ದಾರದಲ್ಲಿ ಎರಡು ಗಂಟು ಹಾಕಿದ ಮೇಲೆ, ಪೂರ್ತಿ ತೆರೆದಾಗ ಸುಮಾರು 70 ಸೆಂ.ಮೀ. ಸುತ್ತಳತೆ ಸಿಗುತ್ತದೆ, ತಲೆಯಿಂದ ಸರಾಗವಾಗಿ ಇಳಿಯಲು ಅಷ್ಟು ಸಾಕು.

ದಾರಕ್ಕೆ ಪೆಂಡೆಂಟ್ ಪೋಣಿಸಿ ಮೇಜಿನ ಮೇಲೆ ದುಂಡಗೆ ಹರವಿ. ಎರಡು ತುದಿಗಳು ಎದುರುಬದುರಾಗಿ ಬಂದು, 15 ಸೆಂ.ಮೀ.ನಷ್ಟು ಉದ್ದ ಒಂದರ ಪಕ್ಕ ಒಂದು ಮಲಗಲಿ. ಈಗ ಬಲಕ್ಕೆ ಮುಖಮಾಡಿರುವ ತುದಿಯನ್ನು ಹಿಂದಕ್ಕೆ, ಎಡಕ್ಕೆ ಮಡಚಿ. ಬಲಗಡೆ ಒಂದು ಚಿಕ್ಕ ಕುಣಿಕೆ ಉಂಟಾಗುತ್ತದೆ. ಎಡಕ್ಕೆ ಬಂದ ಅದೇ ತುದಿಯನ್ನು ಮಡಿಕೆಯ ಎರಡು ಎಳೆ ಮತ್ತು ಪಕ್ಕದ ಇನ್ನೊಂದು ಎಳೆ, ಹೀಗೆ ಮೂರನ್ನೂ ಸೇರಿಸಿ, ಕುಣಿಕೆಯ ಕಡೆಗೆ ಸಾಗುತ್ತಾ ಮೂರು ಸುತ್ತು ಸುತ್ತಿ. ಸುತ್ತುಗಳು ಒಂದರ ಪಕ್ಕ ಒಂದು ಕೂರಲಿ, ಮೇಲೆ ಹತ್ತಬಾರದು. ತುದಿಯನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಗಂಟು ಬಿಗಿಯುತ್ತಿದ್ದಂತೆ ಸುತ್ತುಗಳನ್ನು ಉಗುರಿನಿಂದ ಒತ್ತಿ ಕೂಡಿಸಿ. ಮೇಜನ್ನು ಸುತ್ತಿ ಬಂದು ಎದುರು ಬದಿಗೆ ನಿಂತು, ಎಡಕ್ಕೆ ಮುಖಮಾಡಿದ ತುದಿಗೂ ಹೀಗೆಯೇ ಇನ್ನೊಂದು ಗಂಟು ಹಾಕಿದರೆ ಎಡಬಲ ಗೊಂದಲವಾಗುವುದಿಲ್ಲ. ಗಂಟುಗಳನ್ನು ಹತ್ತಿರ ತಂದರೆ ದಾರ ಉದ್ದವಾಗುತ್ತದೆ, ದೂರ ಎಳೆದರೆ ಗಿಡ್ಡವಾಗುತ್ತದೆ. ಗಂಟು ಬಿಗಿಯಾಗಿರಬೇಕು, ಆದರೆ ಎರಡು ಬೆರಳಲ್ಲಿ ಎಳೆದಾಗ ಜಾರಬೇಕು. ತುದಿಯನ್ನು 5 ಮಿ.ಮೀ. ಬಿಟ್ಟು ಕತ್ತರಿಸಿ ಒಂದು ಹನಿ ಅಂಟು ಮುಟ್ಟಿಸಿ. ಹತ್ತಿದಾರ ನೈಲಾನಿನಂತೆ ಕರಗಿ ಕೂಡಿಕೊಳ್ಳದಾದ್ದರಿಂದ ಬೆಂಕಿಕಡ್ಡಿ ಹಿಡಿದು ಪ್ರಯೋಜನವಿಲ್ಲ.

ಸಂಘದಲ್ಲಿ ಚಿಕ್ಕ ವಯಸ್ಸಿನವರಿದ್ದರೆ ಎಳೆದ ಕೂಡಲೇ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಕೊಂಡಿಯನ್ನು ಅವರ ದಾರಕ್ಕೆ ಹಾಕಿ. ಬಿಗಿ ಗಂಟಿನ ದಾರ ಆಟದಲ್ಲಿ, ಯಂತ್ರದ ಬಳಿ, ನಿದ್ದೆಯಲ್ಲಿ ಕೊರಳಿಗೆ ಅಪಾಯ, ಇದನ್ನು ದೊಡ್ಡವರಿಗೂ ಹೇಳಬೇಕು.

ಸಾಸಿವೆ ಕಾಳಿನ ಪೆಂಡೆಂಟ್

ಮತ್ತಾಯ 17:20ರ ಸಾಸಿವೆ ಕಾಳಿನಷ್ಟು ನಂಬಿಕೆಯ ಮಾತನ್ನು ಯುವಜನರು ಚೆನ್ನಾಗಿ ಬಲ್ಲರು. ಓವನ್ ಇಲ್ಲದವರು, ಅಥವಾ ಬೇರೆ ಬಗೆ ಬಯಸುವವರು, ನಿಜವಾದ ಕಾಳನ್ನೇ ಪಾರದರ್ಶಕ ಎಪಾಕ್ಸಿ ರೆಸಿನ್ನಿನಲ್ಲಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳದಲ್ಲಿ) ಹುದುಗಿಸಬಹುದು. ಇದು ಹಿರಿಯರು ಮಾಡಬೇಕಾದ ಕೆಲಸ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು, ನೈಟ್ರೈಲ್ ಕೈಗವಸು ಮತ್ತು ಗಾಳಿಯಾಡುವ ಕೋಣೆ ಕಡ್ಡಾಯ.

ಅಂಚು ಎತ್ತರವಿರುವ ಖಾಲಿ ಲೋಹದ ಚೌಕಟ್ಟುಗಳನ್ನು ಸಮತಟ್ಟಾದ ಜಾಗದಲ್ಲಿ ಜೋಡಿಸಿ. ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲೇ, ಅಂದಾಜಿಗೆ ಬಿಡದೆ, ಎರಡು ದ್ರವಗಳನ್ನು ಅಳೆದು ಮೂರು ನಿಮಿಷ ನಿಧಾನವಾಗಿ ಕಲಕಿ. ಜೋರಾಗಿ ಕಲಕಿದರೆ ಗುಳ್ಳೆ. ಕೋಣೆ ತಣ್ಣಗಿದ್ದರೆ ರೆಸಿನ್ ಮಂದವಾಗಿ ಗುಳ್ಳೆಯನ್ನು ಬಿಟ್ಟುಕೊಡುವುದಿಲ್ಲ, ಬೆರೆಸುವ ಮೊದಲು ಮುಚ್ಚಿದ ಬಾಟಲಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿಕೊಳ್ಳಿ. ಒಂದೇ ಸಲ ಸುರಿದರೆ ಕಾಳು ತೇಲಿ ಅಂಚಿಗೆ ಹೋಗಿಬಿಡಬಹುದು. ಚೌಕಟ್ಟಿನ ಅರ್ಧದವರೆಗೆ ಸುರಿದು, ನಾಲ್ಕೈದು ಗಂಟೆ ಬಿಟ್ಟು, ಮೇಲ್ಮೈ ಜೆಲ್ಲಿಯಂತಾದಾಗ ಚಿಮಟದಿಂದ ಕಾಳನ್ನು ನಡುವೆ ಇಟ್ಟು, ಆಮೇಲೆ ಹೊಸದಾಗಿ ಬೆರೆಸಿದ ರೆಸಿನ್ ಸುರಿದು ಉಳಿದರ್ಧವನ್ನು ತುಂಬಿ. ಕಾಳು ಚೆನ್ನಾಗಿ ಒಣಗಿರಬೇಕು. ಧೂಳು ಬೀಳದಂತೆ ಡಬ್ಬಿ ಮುಚ್ಚಿ, ಮೂರು ದಿನ ಮುಟ್ಟಬೇಡಿ.

ಕೊಡುವ ಮುನ್ನ

ಅಂಗೈಯಗಲದ ದಪ್ಪ ಕಾರ್ಡಿಗೆ ಮೇಲ್ಭಾಗದಲ್ಲಿ ಎರಡು ಸೀಳು ಕೊಟ್ಟು ದಾರವನ್ನು ಅದರಲ್ಲಿ ಸಿಕ್ಕಿಸಿ, ಉಳಿದದ್ದನ್ನು ಹಿಂದೆ ಸುರುಳಿ ಸುತ್ತಿ. ಮೇಣದ ದಾರವನ್ನು ಮಡಚಿಟ್ಟರೆ ಮಡಿಕೆಯ ಗುರುತು ಹೋಗುವುದಿಲ್ಲ. ಕಾರ್ಡಿನ ಮೇಲೆ ಗುರುತಿನ ಅರ್ಥ ಎರಡು ಸಾಲು, ವಚನದ ಅಧ್ಯಾಯ ಮತ್ತು ಸಂಖ್ಯೆ, ಕೆಳಗೆ ದಾರ ಗಿಡ್ಡ ಮಾಡುವ ಬಗೆ, ಮಲಗುವಾಗ ತೆಗೆದಿಡಿ ಎಂಬ ಮಾತು. ಇಷ್ಟಕ್ಕಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ.

ಎಲ್ಲವನ್ನೂ ಹಿಂದಿನ ದಿನವೇ ಒಂದೊಂದಾಗಿ ನೀವೇ ಧರಿಸಿ ನೋಡಿ: ತಲೆಯಿಂದ ಇಳಿಯುತ್ತದೆಯೇ, ಎದುರಿಗೆ ಮುಖಮಾಡುತ್ತದೆಯೇ, ಮೆಲ್ಲನೆ ಜಗ್ಗಿದರೆ ತಡೆಯುತ್ತದೆಯೇ? ಮೂವತ್ತಕ್ಕೆ ಕಾಲು ಗಂಟೆ ಸಾಕು. ಹೆಸರಿಲ್ಲದೆ ಉಳಿದ ಬಿಲ್ಲೆಗಳನ್ನು, ನಾಲ್ಕು ಉಂಗುರ ಮತ್ತು ಎರಡು ಮೀಟರ್ ದಾರದ ಜೊತೆ, ಒಂದು ಡಬ್ಬಿಯಲ್ಲಿ ಹಾಕಿ ಸಂಘದ ಕಪಾಟಿನಲ್ಲಿಡಿ. ರಬ್ಬರಿನ ಅಚ್ಚನ್ನೂ ಅದರಲ್ಲೇ ಇಡಿ, ಆದರೆ ಕಾಗದದಲ್ಲಿ ಸುತ್ತಿ. ಹಸಿ ಕ್ಲೇಯ ಚೂರೇನಾದರೂ ಉಳಿದಿದ್ದರೆ ಅದು ಅಚ್ಚಿಗೆ ಅಂಟಿಕೊಳ್ಳದಿರಲಿ.